ಓದುಗರ ಪ್ರಶ್ನೆ: ಮಿದುಳಿನ ಅಭ್ಯಾಸವನ್ನು ಅಮ್ಮ ನಡುವೆಯೇ ಬಿಟ್ಟಿದ್ದಾರೆ

ಪ್ರಶ್ನೆ: ನನ್ನ ತಾಯಿ ನಿವೃತ್ತ ಶಿಕ್ಷಕಿ. 71 ವರ್ಷ, ಶಿರಸಿಯಲ್ಲಿ ಒಬ್ಬರೇ ಇದ್ದಾರೆ. ಅಜ್ಜಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದುದರಿಂದ, ತಾಯಿಗೂ ಹಾಗಾಗದಿರಲೆಂದು ಮಿದುಳಿನ ತರಬೇತಿಯ ಆ್ಯಪ್ ಒಂದನ್ನು ಟ್ಯಾಬ್‌ಗೆ ಹಾಕಿಕೊಟ್ಟೆ. ಕೆಲವು ದಿನ ಉತ್ಸಾಹದಿಂದ ಮಾಡಿದರು. ಈಗ ‘ಕಣ್ಣು ನೋಯುತ್ತದೆ, ಆಮೇಲೆ ನೋಡೋಣ’ ಎನ್ನುತ್ತಾರೆ. ಫೋನ್ ಮಾಡಿ ವಿಚಾರಿಸಿದರೆ ಸಿಟ್ಟಾಗುತ್ತಾರೆ. ಇದನ್ನು ಬಿಡದೆ ಮಾಡುವಂತೆ ಅವರನ್ನು ಒಪ್ಪಿಸುವುದು ಹೇಗೆ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ತಾಯಿಯವರನ್ನು ಸೋಮಾರಿ ಎಂದುಕೊಳ್ಳಬೇಡಿ. ಫಿನ್‌ಲೆಂಡ್‌ನಲ್ಲಿ 60ರಿಂದ 77 ವಯಸ್ಸಿನವರ ನಡುವೆ ನಡೆದ ‘ಫಿಂಗರ್’ ಅಧ್ಯಯನದಲ್ಲಿ ಆಹಾರ, ವ್ಯಾಯಾಮಗಳ ಜೊತೆಗೆ ಕಂಪ್ಯೂಟರ್ ಅಭ್ಯಾಸವನ್ನೂ ಕೊಡಲಾಗಿತ್ತು. ಅದನ್ನು ಆರಂಭಿಸಿದವರು ಶೇ 63ರಷ್ಟು, ಅರ್ಧದಷ್ಟಾದರೂ ಪೂರೈಸಿದವರು ಶೇ 20ರಷ್ಟು ಮಾತ್ರ. ಕಂಪ್ಯೂಟರ್ ಬಳಸಿ ರೂಢಿಯಿದ್ದವರು, ಸಂಗಾತಿಯೊಡನೆ ಬಾಳುತ್ತಿದ್ದವರು ಆರಂಭಿಸುವ ಸಾಧ್ಯತೆ ಹೆಚ್ಚಿತ್ತು. ನಿಮ್ಮ ತಾಯಿ ಒಬ್ಬರೇ ಇರುವುದನ್ನು ಇಲ್ಲಿ ಗಮನಿಸಬೇಕು.

ಇದಕ್ಕಿಂತ ಮುಖ್ಯವಾಗಿ, ನೀವು ಅವರಿಂದ ನಿರೀಕ್ಷಿಸುತ್ತಿರುವಂತೆ ಜೀವನಪರ್ಯಂತ ದಿನವೂ ಮಾಡುವ ಅಭ್ಯಾಸವನ್ನು ಈ ವಿಷಯದ ಪ್ರಮುಖ ಪ್ರಯೋಗ ಪರೀಕ್ಷಿಸಿಯೇ ಇಲ್ಲ. ಅಮೆರಿಕದಲ್ಲಿ 65 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 2,832 ಮಂದಿ ಪಾಲ್ಗೊಂಡ ‘ಆ್ಯಕ್ಟಿವ್’ ಅಧ್ಯಯನದಲ್ಲಿ ಐದಾರು ವಾರಗಳ ಅವಧಿಗೆ ಸುಮಾರು ಒಂದು ಗಂಟೆಯ 10 ತರಗತಿಗಳಿದ್ದವು. ಅವು ನಡೆದದ್ದು ಸಣ್ಣ ಗುಂಪಿನಲ್ಲಿ, ತರಬೇತುದಾರರ ಸಮ್ಮುಖದಲ್ಲಿ. ಕೆಲವರಿಗೆ ಸುಮಾರು ಒಂದು ವರ್ಷದ ಬಳಿಕ, ಮತ್ತೆ ಮೂರನೆಯ ವರ್ಷದಲ್ಲಿ ಪುನರಭ್ಯಾಸ ಮಾಡಿಸಲಾಯಿತು. 2017ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಫಲಿತಾಂಶದಲ್ಲಿ, ಕಣ್ಣೆದುರು ಕ್ಷಣಕಾಲ ಮೂಡಿ ಮರೆಯಾಗುವ ಚಿತ್ರಗಳನ್ನು ಗುರುತಿಸುವ ‘ವೇಗದ ಅಭ್ಯಾಸ’ ಮಾಡಿದವರಲ್ಲಿ ಡಿಮೆನ್ಷಿಯಾದ ಅಪಾಯ ಶೇ 29ರಷ್ಟು ಕಡಿಮೆಯಿತ್ತು. ನೆನಪಿನ ಮತ್ತು ತಾರ್ಕಿಕ ಅಭ್ಯಾಸ ಮಾಡಿದ ಗುಂಪುಗಳಲ್ಲಿ ಅಷ್ಟು ಸ್ಪಷ್ಟವಾದ ಲಾಭ ಕಾಣಲಿಲ್ಲ. ಅಲ್ಲಿ ಕಾಯಿಲೆಯನ್ನು ನಿರ್ಧರಿಸಿದ್ದು ವೈದ್ಯರ ಪೂರ್ಣ ತಪಾಸಣೆಯಿಂದಲ್ಲವಾದ್ದರಿಂದ, ಈ ಅಂಕಿಯನ್ನು ಭರವಸೆಯೆಂದು ತೆಗೆದುಕೊಳ್ಳಬಹುದೇ ಹೊರತು ಖಾತರಿಯೆಂದಲ್ಲ.

ಆದ್ದರಿಂದ ಅಭ್ಯಾಸಕ್ಕೆ ಒಂದು ಕೊನೆಯನ್ನು ಗೊತ್ತುಮಾಡಿ. ‘ಆರು ವಾರ, ವಾರಕ್ಕೆರಡು ದಿನ, ಆಮೇಲೆ ಬಿಡುವು’ ಎಂದರೆ ಒಪ್ಪುವವರು, ‘ಇನ್ನು ಮೇಲೆ ದಿನವೂ’ ಎಂದರೆ ಹಿಂಜರಿಯುತ್ತಾರೆ. ದಿನ ಮತ್ತು ಹೊತ್ತನ್ನು ಅವರೇ ಆರಿಸಲಿ. ಸಂಜೆಯ ಕಾಫಿಯ ನಂತರ ಎಂದು ಈಗಾಗಲೇ ಇರುವ ದಿನಚರಿಗೆ ಅದನ್ನು ಹೊಂದಿಸಿದರೆ ನೆನಪಿಸುವ ಕೆಲಸ ತಪ್ಪುತ್ತದೆ. ನೆರೆಮನೆಯ ಗೆಳತಿಯೊಬ್ಬರು ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು. ನೀವು ಫೋನಿನಲ್ಲಿ ‘ಇವತ್ತು ಮಾಡಿದೆಯಾ, ಎಷ್ಟು ಅಂಕ ಬಂತು’ ಎಂದು ಕೇಳುವುದನ್ನು ನಿಲ್ಲಿಸಿ. ಇಡೀ ವೃತ್ತಿಜೀವನದಲ್ಲಿ ಮಕ್ಕಳ ಹೋಂವರ್ಕ್ ತಿದ್ದಿದವರಿಗೆ ಮಗಳಿಂದಲೋ ಮಗನಿಂದಲೋ ಹೋಂವರ್ಕ್ ತಪಾಸಣೆಯಾಗುವುದು ಹಿತವಾಗಿರಲಾರದು!

ಕಣ್ಣು ನೋಯುತ್ತದೆ ಎಂಬ ಮಾತನ್ನು ನೆಪವೆಂದು ತಳ್ಳಿಹಾಕದೆ, ಕಣ್ಣಿನ ಪೊರೆಯನ್ನೂ ಕಿವಿಯನ್ನೂ ತಪಾಸಣೆ ಮಾಡಿಸಿ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಪಟ್ಟಿ ಮಾಡಿದ, ಡಿಮೆನ್ಷಿಯಾಕ್ಕೆ ಸಂಬಂಧಿಸಿದ, ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ದೃಷ್ಟಿದೋಷ ಮತ್ತು ಶ್ರವಣದೋಷ ಎರಡೂ ಇವೆ. ಆಸಕ್ತಿ ಕಳೆದುಕೊಂಡಿರುವುದು ಆ್ಯಪ್ ಒಂದರಲ್ಲಿ ಮಾತ್ರವಲ್ಲದೆ ಅಡುಗೆ, ಓದು, ಮಾತುಕತೆಗಳಲ್ಲೂ ಆಗಿದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು. ಮೊದಲು ಸಲೀಸಾಗಿ ಮಾಡುತ್ತಿದ್ದ ಹಂತಗಳಲ್ಲೇ ಈಗ ಗೊಂದಲಗೊಳ್ಳುತ್ತಿದ್ದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.

ಪ್ರಶ್ನೆ: ಚೌಕಾಬಾರ, ಪದಬಂಧಗಳಿದ್ದರೆ ಸಾಲದೇ? ಹಣ ಕೊಟ್ಟು ಆ್ಯಪ್ ಕೊಳ್ಳಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಜೊತೆಗೂಡಿ ಆಡುವ ಚೌಕಾಬಾರದಲ್ಲಿ ಹರಟೆಯೂ ಸಿಗುವುದರಿಂದ ಅದನ್ನು ಬಿಡಬೇಡಿ. ಆದರೆ ವರ್ಷಗಟ್ಟಲೆ ಬಿಡಿಸಿ ಪಳಗಿದ ಪದಬಂಧ ಸವಾಲಾಗಿ ಉಳಿಯುವುದಿಲ್ಲ. ವೇಗದ ಅಭ್ಯಾಸದಲ್ಲಾದರೋ ಕಲಿಯುವವರು ಸುಧಾರಿಸಿದಂತೆಲ್ಲ ಕಷ್ಟವೂ ಏರುತ್ತಿತ್ತು. ಆ್ಯಪ್‌ಗಳ ಜಾಹೀರಾತನ್ನು ಎಚ್ಚರದಿಂದ ಓದಿ: ಮರೆವನ್ನು ತಡೆಯುತ್ತೇವೆಂಬ ಆಧಾರವಿಲ್ಲದ ಪ್ರಚಾರದ ಆರೋಪಕ್ಕೆ ಸಂಬಂಧಿಸಿ ‘ಲುಮೋಸಿಟಿ’ಯ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಲು ಒಪ್ಪಿಕೊಂಡಿತ್ತು. ಉಚಿತ ಅವಧಿಯಲ್ಲಿ ಮನೆಯ ಹಿರಿಯರು ತಾವಾಗಿಯೇ ಎರಡು ವಾರ ಬಳಸಿದ್ದನ್ನು ಕಂಡ ಮೇಲಷ್ಟೇ ಹಣ ಕಟ್ಟಿ.