ಪುಟ್ಟ ವಿಮಾನದಲ್ಲಿ ಗಡಿ ದಾಟುವಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಡೆಟ್ರಾಯ್ಟ್ ಬಳಿ ನೆಲೆಸಿದ್ದು, ಅಮೆರಿಕದ ಖಾಸಗಿ ಪೈಲಟ್ ಲೈಸೆನ್ಸ್ ಹೊಂದಿದ್ದೇನೆ. ಊರಿನಿಂದ ಬಂದಿರುವ ತಂದೆ–ತಾಯಿ ಹಾಗೂ ಪತ್ನಿಯನ್ನು ಬಾಡಿಗೆಯ ಸೆಸ್ನಾ 172ರಲ್ಲಿ ಟೊರಾಂಟೊಗೆ ಕರೆದೊಯ್ಯುವ ಆಸೆಯಿದೆ. ಏನೇನು ಗಮನಿಸಬೇಕು?

ಉತ್ತರ: ಹವಾಮಾನ ನೋಡುವುದಕ್ಕೂ ಮುಂಚೆ ಪಾಸ್‌ಪೋರ್ಟ್‌ಗಳನ್ನು ತೆರೆದು ನೋಡಿ. ಭಾರತೀಯ ಪಾಸ್‌ಪೋರ್ಟಿನ ಹಿರಿಯರಿಗೆ ಅಮೆರಿಕದ ಸಂದರ್ಶಕ ವೀಸಾ ಇದ್ದರೂ ಕೆನಡಾಕ್ಕೆ ಪ್ರತ್ಯೇಕ ವೀಸಾ ಬೇಕು. ದೊಡ್ಡ ವಿಮಾನ ಸಂಸ್ಥೆಯಾದರೆ ಕೌಂಟರಿನಲ್ಲೇ ತಡೆಯುತ್ತಾರೆ. ನಿಮ್ಮ ವಿಮಾನಕ್ಕೆ ಕೌಂಟರೂ ನೀವೇ.

ಹೊರಡುವಾಗಲೂ ಮರಳುವಾಗಲೂ ಪ್ರಯಾಣಿಕರ ವಿವರವನ್ನು ಅಮೆರಿಕದ ಗಡಿ ಇಲಾಖೆಯ ಇ-ಎಪಿಐಎಸ್ ಜಾಲತಾಣದಲ್ಲಿ ಹಾರಾಟಕ್ಕೆ ಕನಿಷ್ಠ 60 ನಿಮಿಷ ಮೊದಲು ಸಲ್ಲಿಸಬೇಕು. ಕೆನಡಾದ ಗಡಿ ಸೇವೆಗೆ ತಲುಪುವ 2ರಿಂದ 48 ಗಂಟೆಗಳ ಮುಂಚೆ ದೂರವಾಣಿಯಲ್ಲಿ ತಿಳಿಸಬೇಕು. ಇಳಿದ ಮೇಲೆ ಅಧಿಕಾರಿ ಕಾಣದಿದ್ದರೆ ಮತ್ತೆ ಕರೆಮಾಡಬೇಕು, ಆದರೆ ಆ ಕರೆಗಾಗಿ ವಿಮಾನದಿಂದ ಇಳಿಯಬಹುದಾದವರು ಪೈಲಟ್ ಒಬ್ಬರೇ. ಅಮ್ಮನವರು ಕಾಲು ಚಾಚಿಕೊಳ್ಳಲೆಂದು ವಿಮಾನದ ಬದಿಯಲ್ಲಿ ನಾಲ್ಕು ಹೆಜ್ಜೆ ಹಾಕುವುದೂ ನಿಯಮಭಂಗವಾಗುತ್ತದೆ. ಇದನ್ನು ಹೊರಡುವಾಗಲೇ ಹೇಳಿಡಿ. ಮರಳುವಾಗ ಇ-ಎಪಿಐಎಸ್ ಸಲ್ಲಿಸಿದ್ದೇನೆಂದು ಸುಮ್ಮನಿರದೆ, ನೀವು ಇಳಿಯಲಿರುವ ನಿಲ್ದಾಣದ ಕಸ್ಟಮ್ಸ್ ಕಚೇರಿಗೆ ಮುಂಚಿತವಾಗಿ ಕರೆಮಾಡಿ ಅನುಮತಿ ಪಡೆಯಿರಿ.

ವಿಮಾನಕ್ಕೆ ರೇಡಿಯೊ ಸ್ಟೇಷನ್ ಲೈಸೆನ್ಸ್, ನಿಮಗೆ ರೇಡಿಯೊ ಆಪರೇಟರ್ ಪರ್ಮಿಟ್ ಬೇಕು. ಅಮೆರಿಕದೊಳಗೆ ಇವನ್ನು ಯಾರೂ ಕೇಳದ ಕಾರಣ ಅನೇಕರಿಗೆ ಇವು ಇರುವುದೇ ಗೊತ್ತಿಲ್ಲ. ಅಮೆರಿಕದ ಗಡಿ ಇಲಾಖೆಯ ವಾರ್ಷಿಕ ಶುಲ್ಕದ ಸ್ಟಿಕ್ಕರ್ ಇದೆಯೇ, ಬಾಡಿಗೆ ಸಂಸ್ಥೆಯ ವಿಮೆ ಕೆನಡಾದಲ್ಲೂ ಅನ್ವಯಿಸುತ್ತದೆಯೇ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಗಡಿ ದಾಟುವಾಗ ಫ್ಲೈಟ್ ಪ್ಲಾನ್ ಸಲ್ಲಿಸಿದರೆ ಸಾಲದು, ಅದು ಸಕ್ರಿಯವಾಗಿರಬೇಕು; ರೇಡಾರ್‌ಗೆ ವಿಮಾನದ ಗುರುತು ತಿಳಿಸುವ ಟ್ರಾನ್ಸ್‌ಪಾಂಡರ್ ಸಾಧನದಲ್ಲಿ ನಿಮಗೆಂದೇ ನೀಡಿದ ಕೋಡ್ ಹಾಕಿಕೊಂಡು ನಿಯಂತ್ರಣ ಕೇಂದ್ರದೊಂದಿಗೆ ಸಂಪರ್ಕದಲ್ಲಿರಬೇಕು.

ಇಷ್ಟರ ನಡುವೆ ಮರೆತುಹೋಗುವುದು ತೂಕ. ಈಚಿನ 172 ಎಸ್ ಮಾದರಿ ಇಂಧನವೂ ಸೇರಿ ಹೊರುವುದು ಸುಮಾರು 400 ಕಿಲೋ. ಬಳಸಬಹುದಾದ 53 ಗ್ಯಾಲನ್ ಇಂಧನ ತುಂಬಿದರೆ ಅದೇ ಸುಮಾರು 144 ಕಿಲೋ. ತಲಾ 75 ಕಿಲೋದ ನಾಲ್ವರು ಕುಳಿತರೆ ಚೀಲವಿಲ್ಲದೆಯೇ ಮಿತಿ ಮೀರುತ್ತದೆ. ಆದ್ದರಿಂದ ದಾರಿಗೂ ಮೀಸಲಿಗೂ ಸಾಲುವಷ್ಟು ಲೆಕ್ಕಹಾಕಿ ತುಂಬಿ, ಚಕ್ಕುಲಿ ಡಬ್ಬಗಳನ್ನೂ ತೂಗಿ. ಟೊರಾಂಟೊದ ಬಿಲ್ಲಿ ಬಿಷಪ್ ನಿಲ್ದಾಣ ದ್ವೀಪದಲ್ಲಿದ್ದು, ಕೊನೆಯ ಹಂತ ನೀರಿನ ಮೇಲೆಯೇ. ಲೈಫ್ ಜಾಕೆಟ್ ಹಿಂದಿನ ಚೀಲದಲ್ಲಿದ್ದರೆ ಉಪಯೋಗವಿಲ್ಲ.

ಪ್ರಶ್ನೆ: ಕೆನಡಾದಲ್ಲಿ ಇಂಧನವನ್ನು ಲೀಟರಿನಲ್ಲಿ ಅಳೆಯುತ್ತಾರಂತೆ. ಗೊಂದಲವಾಗುವುದಿಲ್ಲವೇ?

ಉತ್ತರ: ಆಗುತ್ತದೆ. ಒಂದು ಅಮೆರಿಕನ್ ಗ್ಯಾಲನ್ ಎಂದರೆ 3.785 ಲೀಟರ್. 1983ರಲ್ಲಿ ಕೆನಡಾದ ದೊಡ್ಡ ಬೋಯಿಂಗ್ 767 ವಿಮಾನವೇ ಕಿಲೋ–ಪೌಂಡ್ ಗೊಂದಲದಿಂದ ಆಕಾಶದಲ್ಲಿ ಇಂಧನ ಬರಿದಾಗಿ ಗಿಮ್ಲಿಯ ಹಳೆಯ ವಾಯುನೆಲೆಗೆ ತೇಲಿ ಇಳಿದಿತ್ತು. ಎಷ್ಟು ಲೀಟರ್ ಬೇಕೆಂದು ಹೊರಡುವ ಮುನ್ನ ಕಾಗದದಲ್ಲಿ ಬರೆದುಕೊಳ್ಳಿ. ತುಂಬಿಸಿದ ಮೇಲೆ ಅಳತೆಕಡ್ಡಿ ಇಳಿಸಿ ನೋಡಿ.

ಪ್ರಶ್ನೆ: ಜಕ್ಕೂರಿನಲ್ಲಿ ಕಲಿತು ಭಾರತದ ಖಾಸಗಿ ಪೈಲಟ್ ಲೈಸೆನ್ಸ್ ಪಡೆದಿದ್ದೇನೆ. ಮಗಳ ಮನೆಗೆ ಅಮೆರಿಕಕ್ಕೆ ಹೋದಾಗ ಅಲ್ಲಿ ಹಾರಿಸಬಹುದೇ?

ಉತ್ತರ: ಹಾರಿಸಬಹುದು, ಆದರೆ ಪ್ರಯಾಣಕ್ಕೆ ತಿಂಗಳುಗಳ ಮೊದಲೇ ಕೆಲಸ ಆರಂಭಿಸಿ. ನಿಮ್ಮ ಲೈಸೆನ್ಸ್ ನಿಜವೆಂದು ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎ ದೃಢಪಡಿಸಿದ ಬಳಿಕ ಅಮೆರಿಕದ ಅಂಥದೇ ಸಂಸ್ಥೆಯಾದ ಎಫ್‌ಎಎ ಕೊಡುವ ಪತ್ರ 6 ತಿಂಗಳು ಮಾತ್ರ ಊರ್ಜಿತ; ಅಷ್ಟರೊಳಗೆ ಅಲ್ಲಿನ ಕಚೇರಿಗೆ ಖುದ್ದಾಗಿ ಹೋಗಿ ಪ್ರಮಾಣಪತ್ರ ಪಡೆಯಬೇಕು. ಹಾರಾಟಕ್ಕೆ ಮುಂಚೆ ಅಲ್ಲಿನ ಶಿಕ್ಷಕರೊಂದಿಗೆ ಫ್ಲೈಟ್ ರಿವ್ಯೂ, ಅಂದರೆ ಹಾರಾಟ ಕೌಶಲದ ಪರಿಶೀಲನೆ, ಮುಗಿಸಬೇಕು. ಆ ಪ್ರಮಾಣಪತ್ರ ನಿಮ್ಮ ಭಾರತೀಯ ಲೈಸೆನ್ಸನ್ನೇ ಆಧರಿಸಿರುವುದರಿಂದ ಮೂಲ ಲೈಸೆನ್ಸ್ ರದ್ದಾದರೆ ಅದೂ ಬಿದ್ದುಹೋಗುತ್ತದೆ; ಹಾರುವಾಗ ಎರಡನ್ನೂ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಜೊತೆಗಿಟ್ಟುಕೊಳ್ಳಿ.