ಬ್ಯಾಂಕ್ ಕೆಲಸ ಬಿಟ್ಟು ಬರೆದೇ ಬದುಕಬಹುದೇ? ಬದುಕಬಹುದು, ಆದರೆ ನಿಮ್ಮ ಕಾದಂಬರಿ ಬರೆದಲ್ಲ

ನೀವು ಕೇಳಿದ್ದು ಇಷ್ಟು: ವಯಸ್ಸು ಮೂವತ್ತೊಂದು, ಮುಂಬಯಿಯ ಘಾಟ್‌ಕೋಪರಿನ ಸರ್ಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕು, ಸ್ಟಾಫ್ ಲೋನಿನಲ್ಲಿ ತೆಗೆದುಕೊಂಡ ಮನೆ ಬದ್ಲಾಪುರದಲ್ಲಿ, ಊರು ಕುಂದಾಪುರದ ಕಡೆ. ದಿನವಿಡೀ ಪಾಸ್‌ಬುಕ್ ಪ್ರಿಂಟು, ಕೆವೈಸಿ ಫಾರ್ಮು, ಮತ್ತೆ ಪಾಸ್‌ಬುಕ್. ಕೆಲವು ಕಥೆಗಳು ವಾರಪತ್ರಿಕೆಗಳಲ್ಲಿ ಬಂದಿವೆ, ತಲೆಯಲ್ಲಿ ಒಂದು ಕಾದಂಬರಿ ಇದೆ. ರಾಜೀನಾಮೆ ಕೊಟ್ಟು ಬರೆದೇ ಬದುಕಲು ಆಗುತ್ತದಾ, ಹಾಗೆ ಬದುಕುತ್ತಿರುವವರು ಯಾರಾದರೂ ಹೇಳಿ ಅಂದಿದ್ದೀರಿ.

ಹಾಗೆ ಬದುಕುತ್ತಿರುವವಳು ನಾನು. ಡೊಂಬಿವ್ಲಿಯವಳು. ಬಲ್ಲಾರ್ಡ್ ಎಸ್ಟೇಟಿನ ಶಿಪ್ಪಿಂಗ್ ಆಫೀಸೊಂದರಲ್ಲಿ ಬಿಲ್ ಆಫ್ ಲೇಡಿಂಗ್, ಅಂದರೆ ಹಡಗಿನ ಸರಕಿನ ರಸೀದಿ, ಟೈಪು ಮಾಡುತ್ತಿದ್ದೆ. ಅದನ್ನು ಬಿಟ್ಟು ಬಹಳ ವರ್ಷ ಆಯಿತು, ಬಿಟ್ಟಿದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ. ಆದರೂ ನಿಮಗೆ 'ಬಿಡಿ' ಅನ್ನಲು ಬಾಯಿ ಬರುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕಾದಂಬರಿಯ ಲೆಕ್ಕ ಮೊದಲು ಮುಗಿಸಿಬಿಡೋಣ, ಅದು ಚಿಕ್ಕದು. ಕನ್ನಡದಲ್ಲಿ ಸಾಮಾನ್ಯವಾಗಿ ಮೊದಲ ಮುದ್ರಣ 1,000 ಪ್ರತಿ, ಗೌರವಧನ ಶೇ. 10. ಬೆಲೆ 250 ರೂಪಾಯಿ ಅಂದುಕೊಳ್ಳಿ. ಎಲ್ಲ ಪ್ರತಿ ಖರ್ಚಾದರೆ ನಿಮ್ಮ ಕೈಗೆ 25,000. ಅದೂ ವರ್ಷ ಎರಡು ವರ್ಷದಲ್ಲಿ ಚೂರುಚೂರಾಗಿ. ಬರೆಯಲು ಮೂರು ವರ್ಷ ಹಿಡಿದಿದ್ದರೆ ತಿಂಗಳಿಗೆ ಏಳುನೂರೂ ಇಲ್ಲ. ನಿಮ್ಮ ಲೋಕಲ್ ಪಾಸು, ಮೊಬೈಲ್ ರೀಚಾರ್ಜು ಕಳೆದರೆ ಚಹಾಕ್ಕೆ ಉಳಿದೀತು. ಇಲ್ಲಿ ಪ್ರಕಾಶಕರನ್ನು ಬೈಯುವುದರಲ್ಲಿ ಅರ್ಥವಿಲ್ಲ, ಅವರ ಹಣೆಬರಹವೂ ಹೀಗೆಯೇ ಇದೆ.

ಹಾಗಾದರೆ ನಾವೆಲ್ಲ ಬದುಕುವುದು ಯಾವುದರಿಂದ? ನನ್ನ ಮಟ್ಟಿಗೆ ಮುಖ್ಯವಾಗಿ ಡಬ್ಬಿಂಗ್. ಜಾಹೀರಾತು ಬಿಟ್ಟರೆ ಕನ್ನಡಕ್ಕೆ ಡಬ್ಬಿಂಗ್ ಅನ್ನುವುದೇ ದಶಕಗಳ ಕಾಲ ಇರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗಿಗೆ ಅಡ್ಡಿ ಮಾಡುತ್ತಿದ್ದ ಚಿತ್ರರಂಗದ ಸಂಘಗಳ ವಿರುದ್ಧ ಆದೇಶ ಕೊಟ್ಟಿತು, ಆಮೇಲೆ ನಿಧಾನವಾಗಿ ಅಂಧೇರಿಯ ಸ್ಟುಡಿಯೋಗಳಲ್ಲಿ ಕನ್ನಡಕ್ಕೂ ಒಂದು ಕುರ್ಚಿ ಬಂತು. ಡಬ್ಬಿಂಗಿನಲ್ಲಿ ಅರ್ಥ ಕೂಡಿದರೆ ಸಾಲದು, ತುಟಿಯೂ ಕೂಡಬೇಕು. ಪ, ಬ, ಮ ಬಂದಲ್ಲಿ ಪರದೆಯ ಮೇಲಿನ ನಟನ ತುಟಿ ಮುಚ್ಚುತ್ತದೆ, ಅಲ್ಲಿ ನಮ್ಮ ಮಾತಿನಲ್ಲೂ ಅವುಗಳಲ್ಲಿ ಒಂದು ಬೀಳಬೇಕು. ಹಿಂದಿಯಿಂದಾದರೆ ಪರವಾಗಿಲ್ಲ, ಕ್ರಿಯಾಪದ ನಮ್ಮ ಹಾಗೆ ಕೊನೆಗೇ ಬರುತ್ತದೆ. ಇಂಗ್ಲಿಷಿನಿಂದಾದರೆ ಫಜೀತಿ: ಪಾತ್ರ ಕಿರುಚುವ ಮುಖ್ಯ ಮಾತು ನಮಗೆ ವಾಕ್ಯದ ಕೊನೆಯಲ್ಲಿ ಸಿಗುತ್ತದೆ, ಅಷ್ಟು ಹೊತ್ತಿಗೆ ಕ್ಯಾಮೆರಾ ಬೇರೆಯವರ ಮುಖಕ್ಕೆ ಹೋಗಿರುತ್ತದೆ. ವಾಕ್ಯ ಒಡೆಯಬೇಕು, ತಿರುಗಿಸಬೇಕು, ಆದರೂ ಬಾಯಲ್ಲಿ ಆಡುವ ಕನ್ನಡವಾಗಿಯೇ ಇರಬೇಕು. ಪದಬಂಧ ತುಂಬುವಾಗಿನ ಖುಷಿ ಇದೆಯಲ್ಲ, ನನಗೆ ಆ ಖುಷಿ ಇದರಲ್ಲಿ ಸಿಗುತ್ತದೆ.

ಮಿಕ್ಕಿದ್ದು ಜಾಹೀರಾತು, ಸಬ್‌ಟೈಟಲ್, ಆ್ಯಪುಗಳ ಕನ್ನಡ. ಈ ಅನುವಾದದ ಕೆಲಸ ಈಗ ಸೊರಗುತ್ತಿದೆ. ಮುಂಚೆ ಇಂಗ್ಲಿಷ್ ಕಳಿಸಿ ಕನ್ನಡ ಮಾಡಿ ಅನ್ನುತ್ತಿದ್ದರು, ಈಗ ಯಂತ್ರ ಮಾಡಿದ ಕನ್ನಡ ಕಳಿಸಿ 'ಸ್ವಲ್ಪ ನೋಡಿ' ಅನ್ನುತ್ತಾರೆ. ದರ ಇಳಿದಿದೆ, ನೋಡುವ ಕೆಲಸ ಮಾತ್ರ ಹೊಸದಾಗಿ ಬರೆದಷ್ಟೇ ಇದೆ. ಇನ್ನೊಂದು ಕಿವಿಮಾತು: ಪದಕ್ಕಿಷ್ಟು ಅಂತ ಮಾತಾಡುವಾಗ ಮೂಲದ ಪದ ಎಣಿಸಿ ಅನ್ನಿ, ಕನ್ನಡದ್ದಲ್ಲ. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಹಿಡಿಯುವುದು ನಮ್ಮಲ್ಲಿ 'ಬರಲಾಗುವುದಿಲ್ಲ' ಅಂತ ಒಂದೇ ಪದದಲ್ಲಿ ಮುಗಿದುಹೋಗುತ್ತದೆ, ದುಡ್ಡೂ ಅಲ್ಲಿಗೇ ಮುಗಿಯುತ್ತದೆ.

ಇನ್ನು ಮುಂಬಯಿ ಕನ್ನಡಿಗರದ್ದೇ ಆದ ಒಂದು ಕಸುಬಿದೆ: ಅಭಿನಂದನ ಗ್ರಂಥ, ಆತ್ಮಕಥೆ, ಸಂಘಗಳ ಸ್ಮರಣ ಸಂಚಿಕೆ. ಹೋಟೆಲ್ ಧಣಿಗಳಿಗೆ ಅರುವತ್ತೋ ಎಪ್ಪತ್ತೈದೋ ತುಂಬಿದಾಗ ಮಕ್ಕಳು ಸೇರಿ ಒಂದು ಪುಸ್ತಕ ಮಾಡಿಸುತ್ತಾರೆ. ಬರೆಯುವುದು ನಮ್ಮಂಥವರು, ಹೆಸರು ಅವರದು. ಒಬ್ಬರ ವಿಷಯ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಇದೇ ಉತ್ತರ ಅಂತ ನನಗೆ ಅನ್ನಿಸುತ್ತದೆ.

ಅವರ ಹೋಟೆಲಿನ ಗಲ್ಲಾದ ಪಕ್ಕ ಒಂದು ಸ್ಟೂಲ್ ಹಾಕಿ ನನ್ನನ್ನು ಕೂರಿಸಿಕೊಂಡರು. ಮಧ್ಯಾಹ್ನ ಊಟದ ರಶ್ ಇಳಿದ ಹೊತ್ತು. ಮಾತಾಡುತ್ತಲೇ ಬಿಲ್ಲು ಚುಚ್ಚುವ ತಂತಿಗೆ ಬಿಲ್ಲು ಚುಚ್ಚುತ್ತಿದ್ದರು, ನಡುನಡುವೆ ತುಳುವಿನಲ್ಲಿ ಮಾಣಿಗಳಿಗೆ ಗದರುತ್ತಿದ್ದರು. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದ್ದಾಗ ಹೇಳಿದ್ದೆಲ್ಲ ಭಾಷಣ: ಶ್ರಮ, ಗುರುಹಿರಿಯರ ಆಶೀರ್ವಾದ, ರಾತ್ರಿ ಶಾಲೆ. ಫೋನು ಆಫ್ ಮಾಡಿ ಚೀಲಕ್ಕೆ ಹಾಕಿದ ಮೇಲೆ ಬೇರೆಯದೇ ಬಂತು. ಹುಡುಗನಾಗಿ ಕಪ್ಪು ತೊಳೆಯಲು ಬಂದ ಮೊದಲ ಮಳೆಗಾಲದಲ್ಲಿ ಕೈಬೆರಳ ಸಂದಿಯೆಲ್ಲ ನೀರು ತಿಂದು ಬಿಳಿಯಾಗಿ ಬಿರಿದಿತ್ತಂತೆ. ಊರಿನಿಂದ ತಂಗಿ ಬರೆದ ಇನ್‌ಲ್ಯಾಂಡ್ ಕಾಗದವನ್ನು ಒದ್ದೆ ಕೈಯಲ್ಲಿ ಬಿಡಿಸಿದರೆ ಶಾಯಿ ಹರಡುತ್ತದೆ ಅಂತ ಅಡುಗೆ ಭಟ್ಟರ ಹತ್ತಿರ ಬಿಡಿಸಿ ಓದಿಸಿಕೊಳ್ಳುತ್ತಿದ್ದರಂತೆ. ಭಟ್ಟರು ಕೆಟ್ಟ ಸುದ್ದಿ ಇದ್ದ ಸಾಲು ಹಾರಿಸಿ ಓದುತ್ತಿದ್ದರು. ಅಪ್ಪ ತೀರಿಕೊಂಡದ್ದು ಹೀಗೆ ತಿಂಗಳುಗಟ್ಟಲೆ ತಿಳಿಯಲೇ ಇಲ್ಲ.

ಇದನ್ನು ಅಧ್ಯಾಯದಲ್ಲಿ ಬರೆದೆ. ಮಗ ಓದಿ, 'ಅಕ್ಕಾ, ಇದು ಬೇಡ, ನಾಲ್ಕು ಜನ ನೋಡುವ ಪುಸ್ತಕ' ಅಂದ. ತೆಗೆದೆ. ಅದರ ಜಾಗದಲ್ಲಿ ಸಚಿವರೊಬ್ಬರ ಜೊತೆ ನಿಂತ ಫೋಟೋ ಬಂತು. ಅರ್ಧ ಹಣ ಮುಂಗಡ ಕೊಟ್ಟಿದ್ದರು, ಉಳಿದರ್ಧ ಬಿಡುಗಡೆ ಸಮಾರಂಭದ ನಂತರ ಅಂದಿದ್ದರು, ಸಮಾರಂಭ ಎರಡು ಸಲ ಮುಂದೆ ಹೋಯಿತು. ಕೊನೆಗೆ ಕೊಟ್ಟರು, ಶಾಲು ಹಣ್ಣುಹಂಪಲು ಸಮೇತ.

ಆ ಕಾಗದದ ಪ್ರಸಂಗ ನಿಮ್ಮ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದಿರಿ? ನಿದ್ದೆ ಬರುತ್ತಿರಲಿಲ್ಲ, ಅಲ್ಲವಾ? ನನಗೆ ಬಂತು. ಮರುದಿನ ಬೆಳಿಗ್ಗೆ ಒಂದು ಸೋಪಿನ ಜಾಹೀರಾತು ಕೊಡಬೇಕಿತ್ತು. ನಾನು ಅಂಥವಳು. ಇನ್ನೊಬ್ಬರ ಮಾತನ್ನು ಚೊಕ್ಕ ಮಾಡಿ ಹೇಳಿದ ಹೊತ್ತಿಗೆ ಕೊಡುವುದರಲ್ಲಿ ನನಗೆ ತೃಪ್ತಿ ಇದೆ, ನನ್ನದೇ ಒಂದು ಹೇಳಬೇಕು ಅನ್ನುವ ತುರಿಕೆ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ಕಾದಂಬರಿಯ ಬಗ್ಗೆ ಬರೆದ ಸಾಲುಗಳನ್ನು ಓದಿದರೆ ನಿಮಗೆ ಆ ತುರಿಕೆ ಇದೆ. ಅಂಥವರಿಗೆ ಬರವಣಿಗೆಯ ಕೂಲಿ ಆಗುವುದಿಲ್ಲ. ದಿನಕ್ಕೆ ಎಂಟು ಗಂಟೆ ಇನ್ನೊಬ್ಬರ ವಾಕ್ಯ ತಿದ್ದಿದ ಮೇಲೆ ಸಂಜೆ ನಿಮ್ಮ ವಾಕ್ಯಕ್ಕೆ ಕಿವಿ ಉಳಿದಿರುವುದಿಲ್ಲ. ಪಾಸ್‌ಬುಕ್ ಪ್ರಿಂಟು ನಿಮ್ಮ ಸೊಂಟ ತಿನ್ನುತ್ತದೆ, ಕಣ್ಣು ತಿನ್ನುತ್ತದೆ, ಕನ್ನಡವನ್ನು ಮುಟ್ಟುವುದಿಲ್ಲ. ಸಪ್ಪೆ ಕೆಲಸ ಅಂತ ನೀವು ಬೈಯುತ್ತಿದ್ದೀರಲ್ಲ, ಆ ಸಪ್ಪೆತನವೇ ನಿಮ್ಮ ಆಸ್ತಿ.

ಈ ಊರಿನ ದೊಡ್ಡವರ ಹೆಸರು ಎಲ್ಲರೂ ನಿಮಗೆ ಹೇಳಿರುತ್ತಾರೆ: ಯಶವಂತ ಚಿತ್ತಾಲರು ಬೇಕ್‌ಲೈಟ್ ಕಂಪನಿಯಲ್ಲಿದ್ದರು, ಜಯಂತ ಕಾಯ್ಕಿಣಿ ಔಷಧ ಕಂಪನಿಯಲ್ಲಿದ್ದರು, ಇಬ್ಬರೂ ನೌಕರಿ ಮಾಡಿಕೊಂಡೇ ಬರೆದರು. ನಿಜ. ಆದರೆ ಅವರದ್ದು ರಸಾಯನಶಾಸ್ತ್ರ ಓದಿದವರ ಕೆಲಸ, ಕೌಂಟರಿನದ್ದಲ್ಲ, ಸಪ್ಪೆ ಅಂತಲೂ ಹೇಳುವ ಹಾಗಿಲ್ಲ. ಅವರನ್ನು ತೋರಿಸಿ ನಿಮ್ಮನ್ನು ಸುಮ್ಮನಾಗಿಸುವುದು ನ್ಯಾಯವಲ್ಲ. ಕೌಂಟರಿನ ಕೆಲಸಕ್ಕೆ ಅದರದೇ ಅನುಕೂಲ ಇದೆ: ಶಟರ್ ಎಳೆದ ಮೇಲೆ ಅದು ಮನೆಗೆ ಬರುವುದಿಲ್ಲ. 2015ರಿಂದ ಎರಡನೆಯ, ನಾಲ್ಕನೆಯ ಶನಿವಾರ ರಜೆ ಬೇರೆ.

ಅದಕ್ಕೇ ನೀವು ಹೆದರಬೇಕಾದ್ದು ಸಪ್ಪೆತನಕ್ಕಲ್ಲ, ಬಡ್ತಿಗೆ. ಆಫೀಸರ್ ಆದಿರೋ, ವಿಮೆ ಮಾರುವ ಟಾರ್ಗೆಟ್ಟು, ಸಾಲ ವಸೂಲಿಯ ಫೋನು, ಭಾನುವಾರವೂ ವಾಟ್ಸ್ಆ್ಯಪ್‌ನಲ್ಲಿ ಮ್ಯಾನೇಜರು, ಆಮೇಲೆ ಎಲ್ಲೋ ದೂರದ ರಾಜ್ಯಕ್ಕೆ ವರ್ಗ. ಬಡ್ತಿ ಪರೀಕ್ಷೆಗೆ ಅರ್ಜಿಯನ್ನೇ ಹಾಕದೆ ಕ್ಲರ್ಕಾಗಿ ನೆಮ್ಮದಿಯಿಂದ ರಿಟೈರ್ ಆಗುವವರು ನಿಮ್ಮ ಶಾಖೆಯಲ್ಲೇ ಇರುತ್ತಾರೆ, ಒಂದು ದಿನ ಅವರ ಜೊತೆ ಚಹಾ ಕುಡಿಯಿರಿ. 'ಯಾಕೆ ಮಾರಾಯಾ, ಬುದ್ಧಿ ಇಲ್ಲವಾ?' ಅಂತ ಸಂಬಂಧಿಕರು ಕೇಳುತ್ತಾರೆ. ಕೇಳಲಿ ಬಿಡಿ. ಕೆಲಸ ಬಿಟ್ಟರೂ ಅದನ್ನೇ ಕೇಳುತ್ತಿದ್ದರು.

ಇಷ್ಟಾದ ಮೇಲೂ ಬಿಡಲೇಬೇಕು ಅಂತಿದ್ದರೆ, ಮೊದಲು ನಿಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಕೆಲಸವನ್ನು ದುಡ್ಡಿಲ್ಲದೆ ಕೈಗೆತ್ತಿಕೊಳ್ಳಿ. ಅಧ್ಯಕ್ಷರ ನುಡಿ, ಖಜಾಂಚಿಯ ವರದಿ, ಹಿರಿಯರ ಪರಿಚಯ, ಎಲ್ಲವನ್ನೂ ಹೇಳಿದ ತಾರೀಖಿಗೆ ಬರೆದುಕೊಡಿ. ಅದರಲ್ಲಿ ಖುಷಿ ಸಿಕ್ಕರೆ ನಿಮ್ಮ ಬಗ್ಗೆ ನನ್ನ ಅಂದಾಜು ತಪ್ಪು, ನೀವೂ ನನ್ನ ಜಾತಿಯವರೇ. ದುಡ್ಡು ತೆಗೆದುಕೊಂಡು ಹೊರಗಿನ ಕೆಲಸ ಮಾಡುವುದಕ್ಕೆ ಮುಂಚೆ ಬ್ಯಾಂಕಿನ ಸೇವಾ ನಿಯಮ ಓದಿ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ ಸಾಹಿತ್ಯ ಬರಹಕ್ಕೆ ಸಾಕಷ್ಟು ಅವಕಾಶ ಇದೆ, ಆದರೆ ಬ್ಯಾಂಕುಗಳಿಗೆ ಅವರವರದೇ ನಿಯಮ. ಕಥೆ ಬರೆಯುವುದು ಬೇರೆ, ಏಜೆನ್ಸಿಗೆ ಬಿಲ್ಲು ಹಾಕುವುದು ಬೇರೆ.

ಹಣದ ವಿಷಯದಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಒಂದು ಮಾತು: ಬರೆದು ಬದುಕುತ್ತೇವೆ ಅನ್ನುವ ನಮ್ಮಲ್ಲಿ ಹಲವರ ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತಿರುತ್ತದೆ. ನನ್ನ ಮನೆಯಲ್ಲಿ ಗಂಡನದು. ಆಸ್ಪತ್ರೆ ವಿಮೆ ಅವರ ಆಫೀಸಿನದು. ನಿಮಗೆ ಆ ಆಸರೆ ಇಲ್ಲ, ಮೇಲೆ ಗೃಹಸಾಲ ಇದೆ. ರಾಜೀನಾಮೆ ಕೊಟ್ಟರೆ ಸ್ಟಾಫಿಗೆ ಕೊಡುವ ಕಡಿಮೆ ಬಡ್ಡಿದರ ಉಳಿಯುವುದಿಲ್ಲ, ಕಂತು ಎಷ್ಟಾಗುತ್ತದೆ ಅಂತ ನಿಮ್ಮ ಬ್ಯಾಂಕಿನಲ್ಲೇ ಲೆಕ್ಕ ಹಾಕಿಸಿ ನೋಡಿ. ಅವಧಿಗೆ ಮುಂಚೆ ಬಿಟ್ಟರೆ ಎನ್‌ಪಿಎಸ್ ಅನ್ನುವ ನಿವೃತ್ತಿ ಉಳಿತಾಯದ ಹಣದ ಬಹುಪಾಲು ಪಿಂಚಣಿಗೇ ಹೋಗುತ್ತದೆ, ಅದನ್ನು ನಂಬಿ ವರ್ಷ ದೂಡುತ್ತೇನೆ ಅಂದುಕೊಳ್ಳಬೇಡಿ. ಗ್ರಾಚ್ಯುಟಿಗೆ ಐದು ವರ್ಷ ಆಗಿರಬೇಕು.

ಮತ್ತೆ ಬಿಲ್ಲು. ಕಂಪನಿಗಳು ಶೇ. 10 ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದು ಕೊಡುತ್ತವೆ, ಕೊಡುವುದೂ ಎರಡು ಮೂರು ತಿಂಗಳಿಗೆ. ಸಣ್ಣ ಉದ್ಯಮಗಳಿಗೆ ಅಂತ ಇರುವ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಪುಕ್ಕಟೆಯಾಗಿ ನೋಂದಾಯಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಬಡ್ಡಿ ಕೇಳಲು ಹೋಗಿ ಗಿರಾಕಿ ಕಳೆದುಕೊಳ್ಳುವುದು ಬೇಡ, ಬಿಲ್ಲಿನ ಕೆಳಗೆ ಉದ್ಯಮ್ ನಂಬರು ಬರೆದರೆ ಸಾಕು. ಅಕೌಂಟ್ಸ್ ವಿಭಾಗದವರಿಗೆ ಅದು ಅರ್ಥವಾಗುತ್ತದೆ.

ಕೆಲಸದಲ್ಲೇ ಇದ್ದರೂ ನಿಮಗೆ ಬೇಕಾಗುವುದು ಹಕ್ಕುಸ್ವಾಮ್ಯದ ವಿಷಯ. ಕೃತಿಯ ಹಕ್ಕು ಲೇಖಕರ ಜೀವಮಾನ ಮತ್ತು ಆಮೇಲೆ 60 ವರ್ಷ. ಹಕ್ಕು ಬರೆದುಕೊಡುವ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಕಾನೂನಿನ ಪ್ರಕಾರ ಅದು ಐದು ವರ್ಷಕ್ಕೆ ಮಾತ್ರ. ಹಾಗಾಗಿ ಖಾಲಿ ಜಾಗ ಕಂಡರೆ ಗಾಬರಿ ಬೇಡ, 'ಶಾಶ್ವತವಾಗಿ' ಅಂತ ಕಂಡರೆ ಪೆನ್ನು ಕೆಳಗಿಡಿ. ಮುದ್ರಣದ ಹಕ್ಕು ಕೊಡಿ, ಸಿನಿಮಾ, ಧಾರಾವಾಹಿ, ಆಡಿಯೋ, ಅನುವಾದ ನಿಮ್ಮ ಹತ್ತಿರವೇ ಇರಲಿ. ಯಾರಾದರೂ ಕಥೆ ಕೇಳಲು ಕರೆದರೆ ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗಿ, ಆನ್‌ಲೈನಿನಲ್ಲೇ ಕಥೆ ನೋಂದಾಯಿಸಿ, ಆಮೇಲೆ ಹೋಗಿ.

ಬೆಂಗಳೂರಿಗೆ ಹೋದರೆ ಹೇಗೆ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಧಾರಾವಾಹಿಗೆ ಸಂಭಾಷಣೆ ಬರೆಯುವುದಾದರೆ ಅಲ್ಲಿಗೇ ಹೋಗಬೇಕು, ದಿನಕ್ಕೊಂದು ಕಂತು ಬರೆಯುವ ತಾಕತ್ತಿದ್ದರೆ ದುಡ್ಡೂ ಇದೆ. ಕಾದಂಬರಿಗಾದರೆ ಬದ್ಲಾಪುರವೇ ವಾಸಿ. ಮೊದಲ ಕರಡು ಮುಗಿಯುವವರೆಗೆ ಬೆಂಗಳೂರಿನ ವಿಚಾರ ಎತ್ತಬೇಡಿ, ಈ ಸಲದ ಬಡ್ತಿ ಸುತ್ತೋಲೆ ಬಂದಾಗ ಫಾರ್ಮು ತುಂಬಬೇಡಿ.