ಕೇಳಿ, ಹೇಳುತ್ತೇವೆ: ತರಗತಿಯ ಕಲಿಕೆ ಮನೆಯ ಮೊಬೈಲಿಗೆ

ಪ್ರಶ್ನೆ: ಪಾಲಿಕೆಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಕಲಿಸುತ್ತೇನೆ. ಈ ಮಳೆಗಾಲ ಮಕ್ಕಳಿಂದ ಮಳೆಮಾಪಕ ಮಾಡಿಸಿ, ಪಾಲಕರಿಗೂ ದಿನದಿನ ತೋರಿಸುವ ಯೋಚನೆಯಿದೆ. ಆದರೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಶುಭೋದಯದ ಹೂವುಗಳದೇ ರಾಶಿ. ಏನು ಮಾಡಲಿ?
– ಶಿಕ್ಷಕಿ, ಮುಂಬೈ

ಉತ್ತರ: ಹೂವಿನ ಕಾಟಕ್ಕೆ ಮದ್ದು ಸುಲಭ. ಗ್ರೂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳಷ್ಟೇ ಸಂದೇಶ ಕಳಿಸುವಂತೆ ಮಾಡಿ. ಮಾತುಕತೆಗೆ ಬೇರೊಂದು ಗ್ರೂಪ್ ಇರಲಿ. ಬ್ರಾಡ್‌ಕಾಸ್ಟ್ ಲಿಸ್ಟನ್ನು ನೆಚ್ಚಬೇಡಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ.

ಮಾಪಕದ ಮೇಲೆ ಹೆಚ್ಚು ಗಮನ ಕೊಡಿ, ಅಳತೆಯೇ ತಪ್ಪಾದರೆ ಮನೆಗೆ ಕಳಿಸಲು ಏನಿದೆ? ಎರಡು ಲೀಟರಿನ, ಮೈ ನುಣುಪಾಗಿ ನೇರವಾಗಿರುವ ಬಾಟಲಿ ಆರಿಸಿ. ಉಬ್ಬು ತಗ್ಗಿನ ಬಾಟಲಿ ಬೇಡ. ಹೆಗಲು ಇಳಿದು ಮೈ ನೇರವಾಗುವಲ್ಲಿ ನೀವೇ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ ಟೇಪ್ ಸುತ್ತಿ. ತಳದಲ್ಲಿ ಒಂದು ಹಿಡಿ ಜಲ್ಲಿ ಹಾಕಿ, ಜಲ್ಲಿ ಮುಳುಗಿ ನೀರು ನೇರವಾದ ಭಾಗಕ್ಕೆ ಬರುವಷ್ಟು ಸುರಿದು, ಅಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ. ಆಲಿಕೆಯ ಬಾಯಿ, ಬಾಟಲಿಯ ಮೈ ಎರಡರ ಅಗಲವೂ ಒಂದೇ ಆದ್ದರಿಂದ ಪಟ್ಟಿಯಲ್ಲಿ ಕಂಡದ್ದೇ ಮಳೆಯ ಅಳತೆ, ಬೇರೆ ಗುಣಾಕಾರ ಬೇಕಿಲ್ಲ.

ಬಹಳ ಕಡೆ ಎಡವುವುದು ಈ ಸೊನ್ನೆಯಲ್ಲೇ. ಬಾಟಲಿಯ ತಳ ಗುಂಡಗೆ ಇಲ್ಲವೇ ಐದು ಕಾಲಿನ ಆಕಾರದಲ್ಲಿರುತ್ತದೆ. ಅಲ್ಲಿಂದಲೇ ಅಳೆದರೆ ಮೊದಲ ಕೆಲವು ಮಿಲಿಮೀಟರ್ ಪೂರ್ತಿ ಸುಳ್ಳು. ಎರಡನೆಯದು, ಅಳೆದ ಮೇಲೆ ಮಕ್ಕಳು ಎಲ್ಲ ನೀರನ್ನೂ ಚೆಲ್ಲಿಬಿಡುತ್ತಾರೆ. ಸೊನ್ನೆಯ ಗೆರೆಯವರೆಗೆ ನೀರು ಉಳಿಯಬೇಕು. ಮೂರನೆಯದು ಜಾಗ. ಛಜ್ಜಾದ ಕೆಳಗೆ, ಮರದಡಿ ಇಟ್ಟರೆ ತಪ್ಪು ಲೆಕ್ಕ ಬರುತ್ತದೆ. ಬಯಲಲ್ಲಿ, ಸುತ್ತ ನಾಲ್ಕು ಇಟ್ಟಿಗೆ ಒತ್ತಿ ಇಡಿ, ಗಾಳಿಗೆ ಉರುಳದಂತೆ.

ದಿನವೂ ಬೆಳಿಗ್ಗೆ 8:30ಕ್ಕೇ ಓದಿಸಿ. ಹವಾಮಾನ ಇಲಾಖೆಯ ಮಳೆದಿನವೂ 8:30ರಿಂದ 8:30ರವರೆಗೆ, ಹೀಗಾಗಿ ಕೊಲಾಬಾ, ಸಾಂತಾಕ್ರೂಜ್ ಅಂಕಿಗಳ ಪಕ್ಕ ನಿಮ್ಮದನ್ನು ಬರೆಯಬಹುದು. ಹೊಂದಲಿಲ್ಲವೆಂದು ಮಕ್ಕಳ ಅಂಕಿಯನ್ನು ತಿದ್ದಬೇಡಿ. 2005ರ ಜುಲೈ 26ರ ಮಹಾಮಳೆಯಲ್ಲಿ ಸಾಂತಾಕ್ರೂಜ್ 944 ಮಿ.ಮೀ. ದಾಖಲಿಸಿದರೆ, ಕೊಲಾಬಾ ದಾಖಲಿಸಿದ್ದು 73 ಮಿ.ಮೀ. ಒಂದೇ ಊರಿನ ಎರಡು ಕೇಂದ್ರಗಳ ಮಾತೇ ಹೀಗಿರುವಾಗ ನಿಮ್ಮ ಅಂಗಳದ ಬಾಟಲಿ ಬೇರೆ ಹೇಳಿದರೆ ಅಚ್ಚರಿಯಿಲ್ಲ. (20 ಸೆಂ.ಮೀ. ಪಟ್ಟಿಯ ಬಾಟಲಿ ಅಂಥ ಮಳೆಗೆ ನಾಲ್ಕು ಬಾರಿ ತುಂಬಿ ಹರಿಯುತ್ತಿತ್ತು. ಜೋರು ಮಳೆಯ ದಿನ ಮಧ್ಯಾಹ್ನವೂ ಒಮ್ಮೆ ಅಳೆದು, ಸೊನ್ನೆಯ ಗೆರೆಯವರೆಗೆ ಚೆಲ್ಲಿ, ಎರಡು ಅಳತೆಯನ್ನೂ ಕೂಡಿಸಿ.)

ಗ್ರೂಪಿಗೆ ದಿನಕ್ಕೆ ಎರಡೇ ಫೋಟೊ ಸಾಕು. ಒಂದು ನೀರಿನ ಮಟ್ಟದ್ದು: ಫೋನು ನೀರಿನ ಮೇಲ್ಮೈಗೆ ಸರಿಸಮನಾಗಿರಲಿ, ಮೇಲಿನಿಂದ ಬಗ್ಗಿ ತೆಗೆದರೆ ಅಂಕಿ ಹೆಚ್ಚು ಕಡಿಮೆ ಕಾಣುತ್ತದೆ. ಇನ್ನೊಂದು, ಅಳೆಯುವ ಮುನ್ನ ಊಹಿಸಿದ್ದನ್ನೂ ಆಮೇಲೆ ಅಳೆದದ್ದನ್ನೂ ಮಗು ತನ್ನ ಕೈಯಲ್ಲೇ ಬರೆದ ಸಾಲು: ‘ಅಂದಾಜು 30, ಅಳತೆ 18’. ತಪ್ಪಿದ ಅಂದಾಜನ್ನು ಅಳಿಸಲು ಬಿಡಬೇಡಿ. ಹತ್ತು ದಿನದಲ್ಲಿ ಅಂದಾಜು ಅಳತೆಗೆ ಹತ್ತಿರವಾಗುವುದನ್ನು ಪಾಲಕರು ತಾವೇ ಕಾಣಬೇಕು. ದಿನದ ಅಂಕಿ ಬರೆಯುವ ಹಾಳೆಯಲ್ಲಿ ಒಂದು ಕಾಲಮನ್ನು ಮನೆಯವರಿಗೇ ಬಿಡಿ: ‘ಈಗ ಯಾವ ಮಳೆ?’ ಮೃಗಶಿರವೋ, ಆರಿದ್ರವೋ, ಪುನರ್ವಸುವೋ, ಊರಿನ ಅಜ್ಜನಿಗೆ ಫೋನು ಹಚ್ಚಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ‘ಸೂಪರ್’, ಹೆಬ್ಬೆರಳು, ಚಪ್ಪಾಳೆಗಳಿಗಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಮಗಳ ಶಾಲೆ ಪ್ರತಿ ಪ್ರಾಜೆಕ್ಟಿನ ಫೋಟೊವನ್ನೂ ಫೇಸ್‌ಬುಕ್‌ನಲ್ಲಿ ಹಾಕುತ್ತದೆ, ಹೆಸರು, ವರ್ಗ, ತುಕಡಿ ಸಮೇತ. ಬೇಡ ಎನ್ನಬಹುದೇ?
– ಪಾಲಕರು, ಪುಣೆ

ಉತ್ತರ: ಧಾರಾಳವಾಗಿ ಎನ್ನಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿಗೆ ಪಾಲಕರ ಸಮ್ಮತಿ ಬೇಕು. ಆದರೂ ಮೊದಲ ದಿನವೇ ಕಾಯ್ದೆ ಹಿಡಿದುಕೊಂಡು ಹೋಗಬೇಡಿ, ಟೀಚರ್ ಬಾಗಿಲು ಹಾಕಿಕೊಂಡಾರು. ‘ಮಗುವಿನ ಕೆಲಸ ಹಾಕಿ, ಮುಖ ಮತ್ತು ಪೂರ್ತಿ ಹೆಸರು ಬೇಡ’ ಎಂದು ಒಂದು ಸಾಲು ಬರೆದುಕೊಡಿ. ಕೈ ಮತ್ತು ಕೆಲಸ ಕಾಣುವಂತೆ ಮೇಲಿನಿಂದ ತೆಗೆದ ಫೋಟೊ ಎಷ್ಟೋ ಸಲ ಹೆಚ್ಚು ಹೇಳುತ್ತದೆ. ಐಡಿ ಕಾರ್ಡು, ಸ್ಕೂಲ್ ಬಸ್ಸಿನ ನಂಬರ್ ಫ್ರೇಮಿನಲ್ಲಿ ಬಾರದಿರಲಿ.

ಶಾಲೆಗೆ ಇನ್ನಷ್ಟು ತಿಳಿಸಿ. ಗೂಗಲ್ ಡ್ರೈವ್‌ನಲ್ಲಿ ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆಯಿದ್ದರೆ, ಫಾರ್ವರ್ಡ್ ಆದ ಲಿಂಕಿನಿಂದ ಯಾರು ಬೇಕಾದರೂ ಒಳಬರಬಹುದು. ಯೂಟ್ಯೂಬ್‌ನ ‘ಅನ್‌ಲಿಸ್ಟೆಡ್’ ಕೂಡ ಅಷ್ಟೇ. ಹುಡುಕಿದರೆ ಸಿಗದು, ಲಿಂಕ್ ಸಿಕ್ಕರೆ ತೆರೆಯುತ್ತದೆ. ಫೋಟೊವನ್ನು ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದನ್ನು ತೆಗೆದ ಸ್ಥಳದ ಮಾಹಿತಿಯೂ ಜೊತೆಗೇ ಹೋಗುತ್ತದೆ, ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿರಬೇಕು. ಪ್ರತಿ ಪಾಲಕರಿಗೂ ತಮ್ಮ ಮಗುವಿನದಷ್ಟೇ ಕಾಣಬೇಕೆಂದರೆ ಸೀಸಾ (Seesaw), ಕ್ಲಾಸ್‌ಡೋಜೋದಂಥ ಆ್ಯಪ್‌ಗಳ ಮಗುವಾರು ಖಾತೆ ವಾಸಿ.

ಪ್ರಶ್ನೆ: ನಮ್ಮ ಕನ್ನಡ ಶಾಲೆಯ ಪಾಲಕರು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು. ಹಲವರಿಗೆ ಓದಲು ಬಾರದು. ಮನೆಗೊಂದೇ ಫೋನು, ಅದೂ ರಾತ್ರಿಯೇ ಮನೆಗೆ ಬರುವುದು.
– ಶಿಕ್ಷಕ, ವಾಸ್ಕೋ

ಉತ್ತರ: ಬರಹ ಬಿಡಿ, ಮಗುವಿನ ದನಿ ಕಳಿಸಿ. ವಿಡಿಯೊ ಅವರ ಡೇಟಾ ಪ್ಯಾಕ್ ತಿಂದುಹಾಕುತ್ತದೆ. ಒಂದು ನಿಮಿಷದ ವಾಯ್ಸ್ ಮೆಸೇಜ್ ಒಂದು ಎಂಬಿಯೂ ಆಗದು. ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿದು, 40 ಸೆಕೆಂಡ್ ಮಾತಾಡಿಸಿ. ಬಾಯಿಪಾಠ ಒಪ್ಪಿಸುವುದು ಬೇಡ. ‘ಏನು ಮಾಡಿದಿ? ಎಲ್ಲಿ ಕಷ್ಟ ಆತು? ನಾಳೆ ಏನು ನೋಡ್ತಿ?’ ಎಂದು ಮೂರು ಪ್ರಶ್ನೆ ಸಾಕು, ಮನೆಯ ಮಾತಿನಲ್ಲೇ. ದಿನಕ್ಕೆ ಮೂವರಂತೆ ಮಾಡಿದರೆ 30 ಮಕ್ಕಳ ವರ್ಗ ಹತ್ತು ಶಾಲಾದಿನಗಳಲ್ಲಿ ಮುಗಿಯುತ್ತದೆ. ಗ್ರೂಪಿಗೆ ಹಾಕದೆ ಆಯಾ ಮನೆಯ ನಂಬರಿಗೇ ಕಳಿಸಿ. ತೊದಲುವ ಮಗುವಿನ ದನಿ ಇಡೀ ಗಲ್ಲಿಗೆ ಕೇಳಬಾರದು. ಅವ್ವ ಅಪ್ಪ ದನಿಯಲ್ಲೇ ಉತ್ತರಿಸಿದರೆ ಮರುದಿನ ಆ ಮಗುವಿಗೆ ಮಾತ್ರ ಕೇಳಿಸಿ. ಫೋನೇ ಇಲ್ಲದ ಮನೆಗೆ ಶನಿವಾರ ಆ ಕೆಲಸದ ಹಾಳೆಯನ್ನೇ ಮಗುವಿನ ಕೈಯಲ್ಲಿ ಕೊಟ್ಟು ಕಳಿಸಿ.

ಪ್ರಶ್ನೆ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ತರಗತಿ ವರದಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿದರೆ ಗೀಚಿದ ಇಂಗ್ಲಿಷ್‌ನಂತೆ ಕಾಣುತ್ತದೆ.
– ಶಿಕ್ಷಕಿ, ಠಾಣೆ

ಉತ್ತರ: ಅದು ಹಳೆಯ ಫಾಂಟ್ ಪದ್ಧತಿಯಲ್ಲಿ ಟೈಪ್ ಆಗಿದೆ, ಆ ಫಾಂಟ್ ಪಾಲಕರ ಫೋನಿನಲ್ಲಿಲ್ಲ. ಫಾಂಟ್ ಪರಿವರ್ತಕದಲ್ಲಿ ಹಾಕಿ, ಫೋನುಗಳು ಓದಬಲ್ಲ ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತು ಒಮ್ಮೊಮ್ಮೆ ಎಡವಟ್ಟಾಗುತ್ತವೆ, ಕಳಿಸುವ ಮುನ್ನ ಓದಿ ನೋಡಿ. ತುರ್ತಿದ್ದರೆ ಪಿಡಿಎಫ್ ಮಾಡಿ ಕಳಿಸಿ. ಇನ್ನು ಮುಂದೆ ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೆದರೆ ಈ ತಾಪತ್ರಯವಿಲ್ಲ.